ಮಡಚುವ ಗಿಂಬಲ್ಲೂ ನಮ್ಮ ಬಾಳಿನ ಚಿತ್ರವೂ
(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಬೇಕಾದ ವಿಷಯ ಈ ನನ್ನ ಕೈಯಲ್ಲಿಯೇ ಇದೆ. ಮಡಚಿದರೆ ಇದು ಊಟದ ಡಬ್ಬಿಯ ಪಕ್ಕದಲ್ಲಿ ಚೀಲದೊಳಗೆ ಕೂರುತ್ತದೆ. ಬಿಡಿಸಿದರೆ ಒಂದು ಹಿಡಿ, ಅದರ ಮೇಲೊಂದು ತೋಳು, ತೋಳಿನ ತುದಿಯಲ್ಲಿ ಮೊಬೈಲನ್ನು ಕಚ್ಚಿ ಹಿಡಿಯುವ ಇಕ್ಕಳ. ಇದಕ್ಕೆ ಗಿಂಬಲ್ ಎಂದು ಹೆಸರು. ನಡೆಯುತ್ತ ತೆಗೆದ ಚಿತ್ರವೂ ನಡುಗದಂತೆ ನೋಡಿಕೊಳ್ಳುವುದು ಇದರ ಕೆಲಸ. ಇದನ್ನು ಕೊಳ್ಳಬೇಕೆ ಬೇಡವೆ ಎಂದು ನಮ್ಮ ತರುಣರಲ್ಲಿ ಅನೇಕರು ಕೇಳುತ್ತಿದ್ದಾರೆ. ಬೆಲೆ ಕೆಲವು ಸಾವಿರ ರೂಪಾಯಿ. ತಿಂಗಳು ತಿಂಗಳು ಊರಿಗೆ ಹಣ ಕಳಿಸುವವನಿಗೆ ಅದು ಸಣ್ಣ ಮೊತ್ತವಲ್ಲ. ಆದುದರಿಂದ ಇದು ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ತಮ್ಮ ಮುಂದಿಡುತ್ತೇನೆ.

ಇದರ ಮೂಲ ವಿಚಾರ ಹಳೆಯದು. ಎತ್ತಿನ ಗಾಡಿಯ ಕೆಳಗೆ ಕಟ್ಟಿದ ಕಂದೀಲನ್ನು ತಾವು ನೋಡಿರಬಹುದು. ಗಾಡಿ ಎತ್ತ ವಾಲಿದರೂ ಕಂದೀಲಿನ ಬುಡ ನೆಲದ ಕಡೆಗೇ ಇರುತ್ತದೆ. ಚೀನಾದ ಟಾಂಗ್ ಅರಸರ ಕಾಲದಲ್ಲಿ ಬೆಳ್ಳಿಯ ಧೂಪದ ಗುಂಡುಗಳಿದ್ದವು. ಒಂದರೊಳಗೊಂದು ತಿರುಗುವ ಬಳೆಗಳಿಂದಾಗಿ ಗುಂಡು ಉರುಳಿದರೂ ಕೆಂಡ ಚೆಲ್ಲುತ್ತಿರಲಿಲ್ಲ. ಹಡಗಿನ ದಿಕ್ಸೂಚಿಯನ್ನು ತೂಗುಹಾಕುತ್ತಿದ್ದುದೂ ಇಂತಹ ಬಳೆಗಳಲ್ಲಿಯೇ. ಆ ಬಳೆಗಳ ಹೆಸರೇ ಗಿಂಬಲ್.

ಸಿನೆಮಾಕ್ಕೆ ಈ ಉಪಾಯ ಬಂದುದು ತಡವಾಗಿ. ನಾವಿರುವ ಪುಣೆ ಸಿನೆಮಾದ ಹಳೆಯ ತವರು. ಕೊಲ್ಹಾಪುರದ ಪ್ರಭಾತ್ ಕಂಪನಿ 1933ರಲ್ಲಿ ಇಲ್ಲಿಗೆ ಬಂದಿತು. ಅದರ ಸ್ಟುಡಿಯೋ ಇದ್ದ ಆವರಣದಲ್ಲಿಯೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಗಿರೀಶ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ಅಲ್ಲಿ ಕಲಿತವರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಕೂಡ ತಯಾರಾದುದು ಪಕ್ಕದ ಕೊಲ್ಹಾಪುರದಲ್ಲಿ, 1934ರಲ್ಲಿ ಅದು ತೆರೆಕಂಡಿತು. ಆ ಕಾಲದಲ್ಲಿ ಕ್ಯಾಮೆರಾ ನಯವಾಗಿ ಚಲಿಸಬೇಕಾದರೆ ಹಳಿ ಹಾಸಬೇಕು, ಟ್ರಾಲಿ ಇಡಬೇಕು, ಅದನ್ನು ತಳ್ಳಲು ಜನ ಬೇಕು. ಅಷ್ಟೆಲ್ಲ ಇದ್ದವರು ಮಾತ್ರ ಚಲಿಸುವ ಚಿತ್ರ ತೆಗೆಯಬಲ್ಲವರಾಗಿದ್ದರು.

1970ರ ದಶಕದಲ್ಲಿ ಅಮೆರಿಕೆಯ ಗ್ಯಾರೆಟ್ ಬ್ರೌನ್ ಎಂಬಾತ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ರಚಿಸಿದನು. ಅದನ್ನು ಮೈಗೆ ಕಟ್ಟಿಕೊಂಡು ನಡೆದರೆ ಹಳಿಯ ಅಗತ್ಯವಿಲ್ಲ. 1976ರ 'ಬೌಂಡ್ ಫಾರ್ ಗ್ಲೋರಿ' ಚಿತ್ರದಲ್ಲಿ ಅದರ ಹೆಸರಾದ ಮೊದಲ ದೃಶ್ಯವಿದೆ. ಬ್ರೌನ್ ಎತ್ತರದ ಕ್ರೇನಿನಿಂದ ಇಳಿದು, ಜನಸಂದಣಿಯ ನಡುವೆ ನಡೆದು ಹೋಗುತ್ತಾನೆ. ಆ ಜನ ಯಾರು ಬಲ್ಲಿರಾ? ರಾಜರಲ್ಲ, ಸಾಹುಕಾರರಲ್ಲ. 1930ರ ದಶಕದಲ್ಲಿ ಬರಗಾಲಕ್ಕೂ ಧೂಳಿನ ಬಿರುಗಾಳಿಗೂ ಸಿಕ್ಕಿ ಊರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಕೂಲಿಗೆ ಬಂದವರ ಗುಡಾರಗಳ ಬೀಡು ಅದು. ಕಲಬುರಗಿ, ವಿಜಯಪುರ, ಬಾಗಲಕೋಟೆಗಳಿಂದ ಬಂದ ನಮಗೆ ಆ ಗುಡಾರಗಳು ಅಪರಿಚಿತವಲ್ಲ.

ಈಗ ಅದೇ ಕೆಲಸವನ್ನು ಈ ಪುಟ್ಟ ಉಪಕರಣ ಬೇರೆ ಬಗೆಯಲ್ಲಿ ಮಾಡುತ್ತದೆ. ಇದರಲ್ಲಿ ಮೂರು ಚಿಕ್ಕ ಮೋಟಾರುಗಳಿವೆ. ಒಂದು ಫೋನು ಎಡಬಲಕ್ಕೆ ತಿರುಗುವುದನ್ನೂ, ಒಂದು ಮೇಲೆ ಕೆಳಗೆ ಬಾಗುವುದನ್ನೂ, ಮತ್ತೊಂದು ಪಕ್ಕಕ್ಕೆ ವಾಲುವುದನ್ನೂ ನೋಡಿಕೊಳ್ಳುತ್ತದೆ. ಒಳಗಿನ ಗೈರೋಸ್ಕೋಪ್ ಎಂಬ ಪುಟ್ಟ ಅಳತೆಗಾರ ಸೆಕೆಂಡಿಗೆ ನೂರಾರು ಸಲ ಓರೆಯನ್ನು ಅಳೆಯುತ್ತದೆ; ಕೈ ಎತ್ತ ತಿರುಗಿತೋ ಅದರ ವಿರುದ್ಧಕ್ಕೆ ಮೋಟಾರು ತಿರುಗುತ್ತದೆ. ಮೊದಲು ಬಿಡಿಸಿ, ಫೋನನ್ನು ನಡುವಿಗೆ ಸರಿಯಾಗಿ ಕೂರಿಸಿ, ಆಮೇಲೆ ಸ್ವಿಚ್ಚು ಒತ್ತಬೇಕು. ಭಾರ ಒಂದು ಕಡೆಗೆ ಹೆಚ್ಚಾದರೆ ಮೋಟಾರು ತಿಣುಕಿ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಫೋನಿನ ದಪ್ಪ ಕವಚವನ್ನು ತೆಗೆದಿಡುವುದು ಲೇಸು.

ಇನ್ನು ಇದು ಮಾಡಲಾರದ್ದು. ಹೆಜ್ಜೆ ಇಟ್ಟಾಗ ಇಡೀ ದೇಹ ಏರಿ ಇಳಿಯುತ್ತದೆ. ಆ ಏರಿಳಿತವನ್ನು ಈ ಮೋಟಾರುಗಳು ತಡೆಯಲಾರವು. ಅದಕ್ಕೆ ನಡಿಗೆಯೇ ಮದ್ದು. ನಮ್ಮ ತಾಯಂದಿರು ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬರುವಾಗ ಹೇಗೆ ನಡೆಯುತ್ತಾರೆ? ಮೊಣಕಾಲು ತುಸು ಸಡಿಲ, ಹೆಜ್ಜೆ ಚಿಕ್ಕದು, ಪಾದ ಮೆಲ್ಲಗೆ ನೆಲಕ್ಕೆ ತಾಗುತ್ತದೆ. ಹಾಗೆ ನಡೆಯಬೇಕು. ಈ ಉಪಕರಣ ಇಲ್ಲದಿದ್ದರೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡೂ ಕೈಯಿಂದ ಫೋನು ಹಿಡಿದು ಹಾಗೆ ನಡೆದರೆ ಅರ್ಧ ನಡುಕ ಹೋಗುತ್ತದೆ. ಧ್ವನಿಗೂ ಗಿಂಬಲ್ಲಿಗೂ ಸಂಬಂಧವಿಲ್ಲ. ಅಜ್ಜಿಯ ಹಾಡು ಹಿಡಿಯಬೇಕಾದರೆ ಫ್ಯಾನು ಆರಿಸಿ, ಹತ್ತಿರ ಕುಳಿತುಕೊಳ್ಳಿರಿ. ಆಗ ಗಿಂಬಲ್ಲೇ ಬೇಡ. ಖಡಕಿಯ ಕಾರ್ಖಾನೆಗಳಲ್ಲಾಗಲಿ ಸೈನ್ಯದ ಸ್ಥಳಗಳಲ್ಲಾಗಲಿ ಅಪ್ಪಣೆಯಿಲ್ಲದೆ ಚಿತ್ರ ತೆಗೆದು ತೊಂದರೆಗೆ ಸಿಕ್ಕಬೇಡಿರಿ. ಯಾರದೇ ಮುಖ ತೆಗೆಯುವ ಮುನ್ನ ಅವರನ್ನು ಕೇಳಿರಿ.

ಹಾಗಾದರೆ ಕೊಳ್ಳಬೇಕೆ? ನನ್ನ ಅಭಿಪ್ರಾಯದಲ್ಲಿ ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ. ಹತ್ತು ಜನ ಸೇರಿ ಒಂದನ್ನು ಕೊಂಡರೆ ಸಾಕು. ಈ ವಾಚನಾಲಯದ ಒಂದು ಪುಸ್ತಕವನ್ನು ಎಷ್ಟೋ ಜನ ಓದುವುದಿಲ್ಲವೆ? ಹಾಗೆಯೇ ಇದನ್ನೂ ಹೆಸರು ಬರೆದು ಒಯ್ದು, ಭಾನುವಾರ ಹಿಂದಿರುಗಿಸಬಹುದು. 2015ರಲ್ಲಿ ತೆರೆಕಂಡ 'ಟ್ಯಾಂಜರೀನ್' ಎಂಬ ಅಮೆರಿಕದ ಚಿತ್ರವನ್ನು ಮೂರು ಐಫೋನುಗಳಿಂದ, ಸಣ್ಣದೊಂದು ಸ್ಟೆಡಿಕ್ಯಾಮ್ ಹಿಡಿಯ ಸಹಾಯದಿಂದ ತೆಗೆದರು. ಸಲಕರಣೆಯ ಕೊರತೆ ಈಗ ದೊಡ್ಡ ಅಡ್ಡಿಯಲ್ಲ.

ನಮಗೆ ಕೊರತೆಯಾಗಿರುವುದು ಬೇರೆ. ಈ ಊರಿನಲ್ಲಿ ಕಟ್ಟಡ ಮುಗಿದೊಡನೆ ಕೆಲಸಗಾರರ ತಗಡಿನ ಮನೆಗಳನ್ನು ಕಿತ್ತು ಹಾಕುತ್ತಾರೆ. ಕಟ್ಟಡದ ಚಿತ್ರ ಜಾಹೀರಾತಿನಲ್ಲಿ ಬರುತ್ತದೆ. ತಗಡಿನ ಮನೆಯಲ್ಲಿ ಅಂಬೆಗಾಲಿಟ್ಟ ಮಗು ದೊಡ್ಡದಾಗಿ, 'ನಾನು ಎಲ್ಲಿ ಬೆಳೆದೆ ಅಪ್ಪಾ?' ಎಂದು ಕೇಳಿದರೆ ತೋರಿಸಲು ತಂದೆಯ ಬಳಿ ಏನಿರುತ್ತದೆ? ಆಫೀಸಿನ ಗುಮಾಸ್ತರಾದ ನಾವೂ ಅಷ್ಟೆ. ಮೊದಲು ಇಳಿದ ಕೋಣೆ, ಹಂಚಿಕೊಂಡ ಒಲೆ, ಒಟ್ಟಿಗೆ ಉಂಡವರು, ಇವು ಯಾವುದರ ಗುರುತನ್ನೂ ಇಟ್ಟುಕೊಂಡಿಲ್ಲ. ಮುಂದಿನ ಭಾನುವಾರ ಆಸಕ್ತರಾದವರು ಬನ್ನಿರಿ. ಒಂದೊಂದು ನಿಮಿಷದ ಚಿತ್ರ ಸಾಕು. ನಿಮ್ಮ ಮನೆಯ ಬಾಗಿಲಿನಿಂದ ಕೆಲಸದ ಸ್ಥಳದವರೆಗಿನ ದಾರಿಯಿಂದಲೇ ಆರಂಭಿಸೋಣ.