ಗಾಳಿಗೆ ಬೇಲಿಯುಂಟೆ?



ಮಾಗಡಿ ರಸ್ತೆ, ಮೈಸೂರು ರಸ್ತೆಗಳಲ್ಲಿ ವಾಹನಗಳು ಉಗುಳುವ ಹೊಗೆ ಎಲ್ಲಿಗೆ ಹೋಗುತ್ತದೆ? ಅದು ಮಾಯವಾಗುವುದಿಲ್ಲ. ಅದರಲ್ಲಿನ ಗಂಧಕ, ಸಾರಜನಕದ ಆಕ್ಸೈಡುಗಳು ಮಳೆಯಲ್ಲಿ ಕರಗಿ ಆಮ್ಲವಾಗಿಯೋ ಧೂಳಿಗೆ ಅಂಟಿಯೋ ಮತ್ತೆ ನೆಲಕ್ಕಿಳಿಯುತ್ತವೆ. ಕೆಂಗೇರಿಗೆ ಸಮೀಪದ ತುರಹಳ್ಳಿ ಕಾಡಿಗೆ ಬೇಲಿ ಹಾಕಬಹುದು, ಗಾಳಿಗೆ ಬೇಲಿಯುಂಟೆ?

ಈ ಹೊರೆಯನ್ನು ಮೊದಲು ಅರಿಯುವ ಜೀವಿಗಳಲ್ಲೊಂದು ಕಲ್ಲುಹೂವು. ಅಡುಗೆಮನೆಯ ಮಸಾಲೆಗೆ ಬೀಳುವುದೂ ಇದರದೇ ಬಳಗ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಇದಕ್ಕೆ ಬೇರಿಲ್ಲ. ಮಳೆ, ಗಾಳಿ ತಂದದ್ದನ್ನು ಹೀರುತ್ತದೆ, ವಿಷವನ್ನೂ. 1866ರಲ್ಲೇ ವಿಜ್ಞಾನಿ ವಿಲಿಯಂ ನೈಲಾಂಡರ್ ಪ್ಯಾರಿಸ್‌ನ ಉದ್ಯಾನವೊಂದರಲ್ಲಿ ಇದನ್ನು ಗಾಳಿಯ ಶುದ್ಧತೆಯ ಅಳತೆಗೋಲೆಂದು ಗುರುತಿಸಿದರು.

2020ರ ಏಪ್ರಿಲ್‌ನಿಂದ ನಮ್ಮ ಪೆಟ್ರೋಲ್, ಡೀಸೆಲ್‌ಗಳಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದಿದೆ. ಆದರೆ ಸಾರಜನಕದ ಆಕ್ಸೈಡು ಎಂಜಿನ್ನಿನ ಬಿಸಿಗೆ ಗಾಳಿಯಿಂದಲೇ ಹುಟ್ಟುತ್ತದೆ. ಕಾಡಿಗೆ ಅದು ಬೇಡದ ಗೊಬ್ಬರ. ಬಡ ನೆಲಕ್ಕೆ ಒಗ್ಗಿದ ಸಸ್ಯಗಳನ್ನು ಕಳೆ ಮೀರಿ ಬೆಳೆಯುತ್ತದೆ. ವಾಹನ ಬಿಟ್ಟು ಬಸ್ಸು, ಮೆಟ್ರೊ ಹತ್ತಿದಷ್ಟೂ ಈ ಹೊರೆ ತಗ್ಗುತ್ತದೆ.

ರಸ್ತೆ ಬದಿಯ ಮರದ ತೊಗಟೆಯನ್ನೂ ತುರಹಳ್ಳಿಯ ಮರದ ತೊಗಟೆಯನ್ನೂ ಹೋಲಿಸಿ ನೋಡಿ. ಕಲ್ಲುಹೂವು ಕಂಡರೆ ಕೆರೆಯಬೇಡಿ. ಅದು ಬಲು ನಿಧಾನವಾಗಿ ಬೆಳೆಯುವ ಜೀವಿ.