ಚೀನಾದ ಮೆಟ್ರೋದಲ್ಲಿ ಕಂಡಕ್ಟರ್ ಇಲ್ಲ: ಕುಂದಾಪುರದಿಂದ ಹೊರಡುವ ಮೊದಲು

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

 

2020ರಿಂದ ನಿಂತುಹೋಗಿದ್ದ ಭಾರತ–ಚೀನಾ ನೇರ ವಿಮಾನ 2025ರ ಅಕ್ಟೋಬರ್ 26ಕ್ಕೆ ಮತ್ತೆ ಶುರುವಾಯ್ತು. ಮೊದಲು ಕೋಲ್ಕತ್ತಾದಿಂದ ಗುವಾಂಗ್‌ಝೌಗೆ, ಆಮೇಲೆ ದೆಹಲಿಯಿಂದ. ಅಲ್ಲಿಂದ ಈಚೆಗೆ ನನ್ನ ಇನ್‌ಬಾಕ್ಸಿಗೆ ಬರ್ತಿರೋದು ಒಂದೇ ಥರದ ಪ್ರಶ್ನೆ. ಅಂಗಡಿಗೆ ಮಾಲು ನೋಡಲು ಹೋಗುವವರು, ಮೆಡಿಕಲ್ ಓದ್ತಿರುವ ತಂಗಿಯನ್ನು ಬಿಟ್ಟು ಬರಲು ಹೋಗುವ ಅಣ್ಣಂದಿರು, ಸುಮ್ನೆ ತಿರುಗಾಡಲು ಹೋಗುವವರು, ಎಲ್ಲರೂ ಕೇಳೋದು: "ಅಲ್ಲಿ ಊರೊಳಗೆ ಓಡಾಡೋದು ಹ್ಯಾಂಗೆ ಮರ್ರೆ? ಭಾಷೆ ಬರಲ್ಲ, ಗೂಗಲ್ ಇಲ್ಲ, ಯುಪಿಐ ಇಲ್ಲ."

ನಾನು ಗುವಾಂಗ್‌ಝೌಗೆ ಹೋಗಿದ್ದು ಮಾವನ ಜೊತೆ, ಕ್ಯಾಂಟನ್ ಫೇರ್‌ಗೆ. 1957ರಿಂದ ನಡೀತಿರುವ ವ್ಯಾಪಾರ ಮೇಳ ಅದು, ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಶುರುವಾಗುತ್ತೆ. ಮಾವನದ್ದು ಹಾರ್ಡ್‌ವೇರ್ ಅಂಗಡಿ. ನಾನು ಬಿ.ಕಾಂ. ಓದಿದವನು ಅಂತ ಲೆಕ್ಕ ಬರೆಯೋಕೆ ಕರ್ಕೊಂಡು ಹೋದ್ರು. ಟ್ಯಾಕ್ಸಿ ಬೇಡ, ಮೆಟ್ರೋ ಸಾಕು ಅಂತ ಹಟ ಹಿಡಿದಿದ್ದೂ ಅವರೇ. ಹಾಗಾಗಿ ಇವತ್ತು ಹೇಳೋದು ಸ್ಮಾರ್ಟ್‌ಫೋನ್ ಕೈಯಲ್ಲಿರುವ ನನ್ನ ಅನುಭವ ಮಾತ್ರ ಅಲ್ಲ, ಅದನ್ನು ನಂಬದ ಮಾವನ ಅನುಭವ ಕೂಡ.

ಮೊದಲು ಒಂದು ವ್ಯತ್ಯಾಸ ಅರ್ಥ ಮಾಡ್ಕೊಳ್ಳಿ. ಶಾಸ್ತ್ರಿ ಸರ್ಕಲ್‌ನಲ್ಲಿ ನಿಂತ್ರೆ ನಾವು ಬೋರ್ಡ್ ಓದೋದೇ ಇಲ್ಲ. ಕಂಡಕ್ಟರ್ ಕೂಗ್ತಾರೆ, ನಾವು ಹತ್ತುತ್ತೀವಿ. ಇಳಿಯುವ ಜಾಗವನ್ನೂ ಅವರೇ ನೆನಪಿಟ್ಟು ಹೇಳ್ತಾರೆ. ಚೀನಾದ ದೊಡ್ಡ ಊರುಗಳಲ್ಲಿ ಈ ಕೆಲಸವನ್ನೆಲ್ಲ ಗೋಡೆ ಮೇಲಿನ ಬೋರ್ಡು ಮಾಡುತ್ತೆ. ಶಾಂಘೈ ಮೆಟ್ರೋ 800 ಕಿ.ಮೀ.ಗಿಂತ ಉದ್ದ. ಹಳದಿ ಮಾರ್ಗ ಸೇರಿದ ಮೇಲೂ ನಮ್ಮ ಬೆಂಗಳೂರಿನದ್ದು ಸುಮಾರು 96 ಕಿ.ಮೀ. ಆದ್ರೂ ಶಾಂಘೈನಲ್ಲಿ ದಾರಿ ತಪ್ಪೋದು ಸುಲಭ ಅಲ್ಲ. ಲೈನಿಗೊಂದು ನಂಬರು, ಒಂದು ಬಣ್ಣ. ಹೊರಗೆ ಹೋಗುವ ಪ್ರತಿ ದಾರಿಗೂ ನಂಬರು ಅಥವಾ ಅಕ್ಷರ. ಸ್ಟೇಷನ್ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರುತ್ತೆ. ಲೈನ್ ನಂಬರು, ಆ ದಿಕ್ಕಿನ ಕೊನೆ ಸ್ಟೇಷನ್, ಇಳಿಯುವ ಸ್ಟೇಷನ್, ಎಕ್ಸಿಟ್. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರ್ಕೊಂಡ್ರೆ ಆಯ್ತು.

ಆದ್ರೆ ಆ ಇಂಗ್ಲಿಷ್ ಅಕ್ಷರಗಳನ್ನು ಇಂಗ್ಲಿಷಿನ ಥರ ಓದಬೇಡಿ. ಅದು ಪಿನ್‌ಯಿನ್. ಅಲ್ಲಿ ಎಕ್ಸ್ ಅಂದ್ರೆ ಶ, ಕ್ಯೂ ಅಂದ್ರೆ ಛ, ಸಿ ಅಂದ್ರೆ ತ್ಸ. ಮೇಳಕ್ಕೆ ಹೋಗುವಾಗ ಲೈನ್ 3ರಿಂದ ಲೈನ್ 8ಕ್ಕೆ ಬದಲಾಯಿಸುವ ಸ್ಟೇಷನ್ ಹೆಸರನ್ನು ಬೋರ್ಡಿನಲ್ಲಿ ನೋಡಿದ್ರೆ "ಕೆಕುನ್" ಅಂತ ಓದ್ತೀವಿ. ಅವರ ಬಾಯಲ್ಲಿ ಅದು "ಖ-ತ್ಸುನ್". ಇನ್ನೂ ನಾಲ್ಕು ಪದ ಬಾಯಿಪಾಠ ಮಾಡಿ: ಬೇಯ್ ಉತ್ತರ, ನಾನ್ ದಕ್ಷಿಣ, ದೋಂಗ್ ಪೂರ್ವ, ಶೀ ಪಶ್ಚಿಮ. ಯಾಕಂದ್ರೆ ಅಲ್ಲಿ ಜನ ಮೋಸ ಹೋಗೋದೇ ಇಲ್ಲಿ. ಗುವಾಂಗ್‌ಝೌ ಸ್ಟೇಷನ್ ಬೇರೆ, ಗುವಾಂಗ್‌ಝೌ ನಾನ್ ಅಂದ್ರೆ ದಕ್ಷಿಣ ಸ್ಟೇಷನ್ ಬೇರೆ. ಎರಡೂ ಲೈನ್ 2ರಲ್ಲೇ ಇವೆ, ಆದ್ರೆ ಊರಿನ ಆ ತುದಿ, ಈ ತುದಿ. ಹೈಸ್ಪೀಡ್ ರೈಲು ತಪ್ಪಿಸಿಕೊಳ್ಳೋಕೆ ಆ ಒಂದು "ನಾನ್" ಸಾಕು.

ನಮಗೆ ಇದು ಹೊಸದಲ್ಲ ಬಿಡಿ. ಕೇರಳದಿಂದ ಬರುವವರು "ಮೂಕಾಂಬಿಕಾ ರೋಡ್ ಬೈಂದೂರು" ಅನ್ನೋ ಹೆಸರು ನೋಡಿ ಇಳಿದು, ದೇವಸ್ಥಾನ ಎಲ್ಲಿ ಅಂತ ಹುಡುಕ್ತಾರೆ. ಕೊಲ್ಲೂರು ಅಲ್ಲಿಂದ ಇನ್ನೂ 28 ಕಿ.ಮೀ. ಆಸುಪಾಸು. ಕುಂದಾಪುರ ಸ್ಟೇಷನ್ ಇರೋದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಬ್ರಹ್ಮಾವರಕ್ಕೆ ಹೋಗುವವರು ಇಳಿಯೋದು ಬಾರ್ಕೂರಿನಲ್ಲಿ. ಸ್ಟೇಷನ್ ಹೆಸರನ್ನು ನಂಬಬಾರದು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಮ್ಮವರಿಗೆ ನಿಜವಾದ ಕಷ್ಟ ಇದೇ. ಯೂಟ್ಯೂಬ್‌ನಲ್ಲಿ ಯುರೋಪಿನವರು "ವೀಚಾಟ್ ಹಾಕ್ಕೊಳ್ಳಿ, ಅಲಿಪೇ ಹಾಕ್ಕೊಳ್ಳಿ, ಮುಗೀತು" ಅಂತಾರೆ. ನಮಗೆ ಹಾಗೆ ಮುಗಿಯಲ್ಲ. 2020ರ ಜೂನ್ 29ಕ್ಕೆ ನಮ್ಮ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಇದೆ, ಬೈದು ಮ್ಯಾಪ್ ಇದೆ. ಅದೇ ವರ್ಷ ನವೆಂಬರ್‌ನ ಪಟ್ಟಿಯಲ್ಲಿ ಅಲಿಪೇ ಕ್ಯಾಷಿಯರ್ ಇದೆ. ಅಲಿಪೇ ನಿಮ್ಮ ಫೋನಿನ ಸ್ಟೋರ್‌ನಲ್ಲಿ ಸಿಕ್ಕಿ, ನಿಮ್ಮ ಕಾರ್ಡ್ ಸೇರಿದ್ರೆ ಒಳ್ಳೇದೇ. ಅದರೊಳಗೆ ಊರು ಆರಿಸಿದ್ರೆ ಮೆಟ್ರೋ ಕ್ಯೂಆರ್ ಬರುತ್ತೆ. 200 ಯುವಾನ್ ಒಳಗಿನ ಪಾವತಿಗೆ ವಿದೇಶಿ ಕಾರ್ಡಿಗೆ ಅವರು ಶುಲ್ಕ ಹಾಕಲ್ಲ, ಮೇಲಾದ್ರೆ 3%. ಸಿಗದಿದ್ರೆ ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಲಿಂಕಿನಿಂದ ಮಾತ್ರ ಇನ್‌ಸ್ಟಾಲ್ ಮಾಡಬೇಡಿ. ನಿಮ್ಮ ಬ್ಯಾಂಕ್ ಕಾರ್ಡಿನ ವಿವರ ಹಾಕುವ ಆ್ಯಪ್ ಅದು.

ಆ್ಯಪ್ ಇಲ್ಲದೆಯೂ ಮೂರು ದಾರಿ ಇದೆ. ಒಂದು, ಬೀಜಿಂಗ್ ಮತ್ತು ಶಾಂಘೈ ಮೆಟ್ರೋ ಗೇಟಿನಲ್ಲಿ ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್ ನೇರವಾಗಿ ಟ್ಯಾಪ್ ಮಾಡಬಹುದು. ಒಳಗೆ ಹೋಗುವಾಗ ಬಳಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ಬಳಸಬೇಕು. ಊರಲ್ಲಿ ಇರುವಾಗಲೇ ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ, ಮಿತಿ ಕಡಿಮೆ ಇಡಿ. ಎರಡು, ಆಯಾ ಊರಿನ ಟ್ರಾನ್ಸ್‌ಪೋರ್ಟ್ ಕಾರ್ಡ್. ಮೂರು, ಮಾವನ ದಾರಿ: ನಗದು. ಗುವಾಂಗ್‌ಝೌನಲ್ಲಿ ಟಿಕೆಟ್ ಅಂದ್ರೆ ನಮ್ಮ ಮೆಟ್ರೋ ಥರದ್ದೇ ದುಂಡನೆಯ ಟೋಕನ್. ಯಂತ್ರದಲ್ಲಿ ಇಂಗ್ಲಿಷ್ ಇದೆ. ಸಾಮಾನ್ಯವಾಗಿ 100ರ ನೋಟು ತಗೊಳ್ಳಲ್ಲ, ಹಾಗಾಗಿ 5, 10ರ ನೋಟು, 1 ಯುವಾನ್ ನಾಣ್ಯ ಇಟ್ಕೊಳ್ಳಿ. ಚಿಲ್ಲರೆ ಸ್ಟೇಷನ್ ಕೌಂಟರ್‌ನಲ್ಲಿ ಕೇಳಿ. ನಗದು ಬೇಡ ಅನ್ನೋ ಹಾಗಿಲ್ಲ ಅನ್ನೋದು ಅಲ್ಲಿನ ಕೇಂದ್ರ ಬ್ಯಾಂಕಿನ ನಿಯಮ. ದರ ನೋಡಿ: ಗುವಾಂಗ್‌ಝೌನಲ್ಲಿ ಮೊದಲ 4 ಕಿ.ಮೀ.ಗೆ 2 ಯುವಾನ್, ಶಾಂಘೈನಲ್ಲಿ 6 ಕಿ.ಮೀ.ವರೆಗೆ 3 ಯುವಾನ್. 2025ರ ಕೊನೆಗೆ ಒಂದು ಯುವಾನ್ ಅಂದ್ರೆ 12–13 ರೂಪಾಯಿ ಇತ್ತು.

ಬಸ್ಸು ಮಾತ್ರ ಸ್ವಲ್ಪ ಕಷ್ಟ. ಬೋರ್ಡು ಹೆಚ್ಚಾಗಿ ಚೀನೀ ಲಿಪಿಯಲ್ಲೇ. ಮುಂದಿನ ಬಾಗಿಲಲ್ಲಿ ಹತ್ತಿ ಹಿಂದಿನ ಬಾಗಿಲಲ್ಲಿ ಇಳಿಯಬೇಕು. ಡ್ರೈವರ್ ಪಕ್ಕ ದುಡ್ಡಿನ ಡಬ್ಬಿ ಇರುತ್ತೆ, ಹಾಕಿದ್ದು ಹಾಕಿದ್ದೇ, ಚಿಲ್ಲರೆ ವಾಪಸ್ ಇಲ್ಲ. ಮೊದಲ ಎರಡು ದಿನ ಮೆಟ್ರೋದಲ್ಲೇ ಓಡಾಡಿ.

ಮ್ಯಾಪ್ ಬಗ್ಗೆ. ನಮ್ಮ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ವಾಟ್ಸ್‌ಆ್ಯಪ್, ಗೂಗಲ್ ನಡೆಯುತ್ತೆ, ಹೋಟೆಲ್ ವೈಫೈನಲ್ಲಿ ನಡೆಯಲ್ಲ. ನಡೆದ್ರೂ ಗೂಗಲ್ ಮ್ಯಾಪ್ ಅನ್ನು ನಂಬಬೇಡಿ. ಚೀನಾದ ನಕ್ಷೆಗಳು ಬೇರೆ ಅಳತೆ ಪದ್ಧತಿಯಲ್ಲಿವೆ, ಹಾಗಾಗಿ ನೀವು ನಿಂತ ಜಾಗ ಪಕ್ಕದ ರಸ್ತೆಗೆ ಸರಿದಿರುತ್ತೆ. ಐಫೋನ್ ಇರುವವರಿಗೆ ಆ್ಯಪಲ್ ಮ್ಯಾಪ್ಸ್ ಸರಿಯಾಗಿ ಕೆಲಸ ಮಾಡುತ್ತೆ. ಉಳಿದವರು ಗೂಗಲ್ ಟ್ರಾನ್ಸ್‌ಲೇಟ್‌ನ ಚೀನೀ ಆಫ್‌ಲೈನ್ ಪ್ಯಾಕ್ ಇಲ್ಲಿಂದಲೇ ಇಳಿಸ್ಕೊಂಡು ಹೋಗಿ, ಜೊತೆಗೆ ಮೆಟ್ರೋ ನಕ್ಷೆಯ ಒಂದು ಫೋಟೋ.

ಇಷ್ಟೆಲ್ಲ ಇದ್ರೂ ಫೋನ್ ಒಂದನ್ನೇ ನಂಬಬಾರದು ಅಂತ ನನಗೆ ಗೊತ್ತಾಗಿದ್ದು ಆ ಖ-ತ್ಸುನ್ ಸ್ಟೇಷನ್‌ನಲ್ಲೇ. ಸಂಜೆ ಹೊತ್ತು, ಮೇಳ ಬಿಟ್ಟ ಜನ. ತಳ್ಳಾಟದಲ್ಲಿ ನಾನು ರೈಲಿನ ಒಳಗೆ, ಮಾವ ಪ್ಲಾಟ್‌ಫಾರ್ಮಿನಲ್ಲಿ. ಬಾಗಿಲು ಮುಚ್ಚಿತು. ಅವರ ಫೋನಿಗೆ ರೋಮಿಂಗ್ ಹಾಕಿರಲಿಲ್ಲ, ಬೇಡ ಅಂದಿದ್ರು. ವಯಸ್ಸು 61, ಬರುವ ಭಾಷೆ ಕನ್ನಡ, ಸ್ವಲ್ಪ ಹಿಂದಿ. ಮುಂದಿನ ಸ್ಟೇಷನ್ ಬರೋವರೆಗೆ ನನ್ನ ಎದೆ ಹೊಡ್ಕೊಂಡಿದ್ದು ನನಗೇ ಕೇಳ್ತಿತ್ತು.

ಆದ್ರೆ ಮಾವ ಊರಿಂದ ಹೊರಡುವಾಗಲೇ ಒಂದು ಮಾತು ಹೇಳಿದ್ರು: "ಜಾತ್ರೆಲಿ ಮಕ್ಳಿಗೆ ಹೇಳುವ ಹಂಗೆ ಹೇಳ್ತೆ ಕಾಣ್. ತಪ್ಪಿದ್ರೆ ಮುಂದೆ ಹೋದವ ಮುಂದಿನ ಸ್ಟೇಷನ್ನಲ್ಲಿ ಇಳಿದು ಅಲ್ಲೇ ನಿಲ್ಲುದು. ಹಿಂದೆ ಉಳಿದವ ಮುಂದಿನ ರೈಲಿಗೆ ಬಪ್ಪುದು." ನಾನು ಇಳಿದು ನಿಂತೆ. ಮುಂದಿನ ರೈಲಿನಲ್ಲೇ ಮಾವ ಬಂದ್ರು. ಜೇಬಿನಲ್ಲಿ ಹೋಟೆಲಿನ ಕಾರ್ಡ್, ಹೆಸರು ವಿಳಾಸ ಎಲ್ಲ ಚೀನೀ ಲಿಪಿಯಲ್ಲಿ. ಜೊತೆಗೆ ವಾಪಸ್ ಹೋಗುವಷ್ಟು ನಾಣ್ಯ. ನಾನು ಸಿಗದಿದ್ರೂ ಸ್ಟೇಷನ್ ಸಿಬ್ಬಂದಿಗೆ ಕಾರ್ಡ್ ತೋರಿಸಿ ಹೋಟೆಲ್ ಸೇರ್ತಿದ್ದೆ ಅಂದ್ರು, ಸಮಾಧಾನವಾಗಿ.

ಹಾಗಾಗಿ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗುವವರು ಮೊದಲು ಮಾಡಬೇಕಾದ ಕೆಲಸ ಇದು. ಒಬ್ಬೊಬ್ಬರ ಜೇಬಿನಲ್ಲೂ ಚೀನೀ ಲಿಪಿಯ ವಿಳಾಸ, ಸ್ವಲ್ಪ ಚಿಲ್ಲರೆ, ಅವರವರ ಪಾಸ್‌ಪೋರ್ಟ್. ಎಲ್ಲರ ಪಾಸ್‌ಪೋರ್ಟ್ ನಿಮ್ಮ ಒಂದೇ ಬ್ಯಾಗಲ್ಲಿ ಇಡಬೇಡಿ. ಹೈಸ್ಪೀಡ್ ರೈಲಿಗೆ ಪಾಸ್‌ಪೋರ್ಟೇ ಟಿಕೆಟ್. 12306 ಅನ್ನೋ ಅಧಿಕೃತ ತಾಣದಲ್ಲಿ ಇಂಗ್ಲಿಷ್‌ನಲ್ಲೇ ಬುಕ್ ಮಾಡಬಹುದು. ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟ್ ಮುಚ್ಚುತ್ತೆ, ಓಡಿಬಂದು ಹತ್ತೋಕೆ ಆಗಲ್ಲ.

ಕೊನೆಗೆ ಎರಡು ಚಿಕ್ಕ ವಿಷಯ. ಮೆಟ್ರೋ ಹೆಚ್ಚಿನ ಕಡೆ ರಾತ್ರಿ 11ರ ಸುಮಾರಿಗೆ ನಿಲ್ಲುತ್ತೆ. ಕೊನೆ ರೈಲಿನ ಸಮಯ ಸ್ಟೇಷನ್ ಸ್ಟೇಷನ್‌ಗೆ, ದಿಕ್ಕು ದಿಕ್ಕಿಗೆ ಬೇರೆ. ಲೈನ್ ಬದಲಾಯಿಸುವುದಿದ್ರೆ ಎರಡನೇ ಲೈನಿನ ಕೊನೆ ರೈಲು ಎಷ್ಟೊತ್ತಿಗೆ ಅಂತ ಬೆಳಿಗ್ಗೆಯೇ ನೋಡಿ. ಇನ್ನೊಂದು, 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಗುರುತು ಇಲ್ಲದ ಪವರ್‌ಬ್ಯಾಂಕ್ ಬಿಡಲ್ಲ. ಇಲ್ಲಿಂದ ಒಯ್ದಿದ್ದನ್ನು ತಿರುಗಿಸಿ ಗುರುತು ಇದೆಯಾ ನೋಡ್ಕೊಳ್ಳಿ.

ಇಷ್ಟು ಇವತ್ತಿಗೆ. ಮನೆಯಲ್ಲಿ ಯಾರಾದ್ರೂ ಹೊರಟಿದ್ರೆ ಇದನ್ನು ಅವರಿಗೆ ಕಳ್ಸಿ. ಹೋಗಿ ಬಂದವರು ಬೇರೆ ಊರುಗಳ ಅನುಭವ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಸಿಕ್ವ.