ಬೇರ್ಪಡುವಾಗಲೂ ಲೆಕ್ಕ ಶುದ್ಧವಿರಲಿ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಅಲ್ಲಾಹನ ಕರುಣೆ, ಶಾಂತಿ ಇರಲಿ.



ಕಳೆದ ವರ್ಷ ನಮ್ಮ ಮಸೀದಿಯ ಕಚೇರಿಯಲ್ಲಿ ಒಂದು ತಲಾಕ್ ಪ್ರಕರಣ ಮುಗಿಯಿತು. ಎರಡೂ ಕಡೆಯ ಹಿರಿಯರು ಸಹಿ ಹಾಕಿದರು. ನಾವು ದುಆ ಮಾಡಿ ಎದ್ದೆವು. ಎರಡು ತಿಂಗಳ ಬಳಿಕ ಆ ಸಹೋದರಿ ಮಗನ ಕೈ ಹಿಡಿದು ಮತ್ತೆ ಬಂದರು. ಇದ್ದತ್ ಮುಗಿಯುವ ಮೊದಲೇ ಅವರನ್ನು ತವರಿಗೆ ಕಳಿಸಲಾಗಿತ್ತು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಗನ ಜನನ ಪ್ರಮಾಣಪತ್ರ ಎಲ್ಲವೂ ಗಂಡನ ಮನೆಯ ಕಪಾಟಿನಲ್ಲಿ ಉಳಿದಿದ್ದವು. ಹುಡುಗ ಎರಡು ತಿಂಗಳಿಂದ ಶಾಲೆಯ ಮುಖ ನೋಡಿರಲಿಲ್ಲ. ನಾವು ತಲೆ ತಗ್ಗಿಸಿದೆವು. ಸಂಬಂಧ ಮುಗಿದದ್ದನ್ನು ಬರೆಸಿದ್ದೆವು. ಮರುದಿನದ ಬದುಕಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಕುರ್‌ಆನಿನಲ್ಲಿ ತಲಾಕ್ ಎಂಬ ಹೆಸರಿನ ಅಧ್ಯಾಯವೇ ಇದೆ. ಇದ್ದತ್ತನ್ನು ಲೆಕ್ಕವಿಡಬೇಕು, ಆ ಅವಧಿಯಲ್ಲಿ ಪತ್ನಿಯನ್ನು ಮನೆಯಿಂದ ಹೊರಹಾಕಬಾರದು ಎಂಬ ಆಜ್ಞೆ ಅದರ ಮೊದಲ ವಚನದಲ್ಲೇ ಬರುತ್ತದೆ. ಎರಡನೆಯದರಲ್ಲಿ ಇಬ್ಬರು ನ್ಯಾಯವಂತ ಸಾಕ್ಷಿಗಳ ಮಾತಿದೆ. ಮನಸ್ಸು ಒಡೆದಿರುವ ಹೊತ್ತಿನಲ್ಲೇ ಅಲ್ಲಾಹನು ಲೆಕ್ಕ ಮತ್ತು ಸಾಕ್ಷಿಯನ್ನು ಕೇಳುತ್ತಾನೆ. ಆದ್ದರಿಂದ ಈ ದಿನಗಳಲ್ಲಿ ಕಾಗದಪತ್ರ ಜೋಡಿಸಿಡುವುದೂ ಸಬ್ರ್‌ನ ಒಂದು ಭಾಗ.

ಏನು ಮಾಡಬೇಕು? ಮೊದಲು ಒಂದು ಫೈಲ್ ಮಾಡಿ. ನಿಕಾಹ್‌ನಾಮಾದ ಪ್ರತಿ, ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು, ಅಂಕಪಟ್ಟಿ ಅದರಲ್ಲಿರಲಿ. ತಲಾಕ್ ಅಥವಾ ಖುಲಾದ ದಿನಾಂಕ ಬರೆದು, ಇದ್ದತ್ ಯಾವಾಗ ಮುಗಿಯುತ್ತದೆಂದು ಆಲಿಮರಲ್ಲಿ ಕೇಳಿಕೊಳ್ಳಿ. ಗರ್ಭಿಣಿಗೆ ಅದು ಹೆರಿಗೆಯವರೆಗೆ. ಬಾಕಿ ಇರುವ ಮಹ್ರ್, ತವರಿನ ಚಿನ್ನ, ಪಾತ್ರೆ, ಸಾಲ ಎಲ್ಲದರ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಕೊಟ್ಟ ಮಹ್ರ್ ರಾಶಿ ಸಂಪತ್ತೇ ಆಗಿದ್ದರೂ, ಬಿಟ್ಟುಬಿಡುವ ಗಂಡ ಅದನ್ನು ಹಿಂದಕ್ಕೆ ಪಡೆಯಬಾರದೆಂದು ಅನ್ನಿಸಾ ಅಧ್ಯಾಯ ಎಚ್ಚರಿಸುತ್ತದೆ. ತಿಂಗಳ ಖರ್ಚಿಗೆ ಒಂದು ನೋಟ್‌ಬುಕ್ ಇಡಿ. ಶಾಲೆ, ಮದ್ರಸಾಗಳಿಂದ ಮಕ್ಕಳನ್ನು ಯಾರು ಕರೆತರಬೇಕು, ಫೀಸು ಯಾರು ಕಟ್ಟಬೇಕು ಎಂಬುದನ್ನೂ ಬರೆದುಕೊಳ್ಳಿ. ಮಗುವಿನ ನೆಪದಲ್ಲಿ ತಾಯಿಗಾಗಲಿ ತಂದೆಗಾಗಲಿ ಹಿಂಸೆ ಸಲ್ಲದು.

ದೇಶದ ಕಾನೂನೂ ತಿಳಿದಿರಲಿ. ಒಂದೇ ಉಸಿರಿಗೆ ಮೂರು ತಲಾಕ್ ಹೇಳುವುದು 2019ರ ಕಾಯ್ದೆಯಂತೆ ಅಸಿಂಧು; ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಹೇಳಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

ಸಹೋದರರೇ, ಪರಸ್ಪರ ಔದಾರ್ಯವನ್ನು ಮರೆಯಬಾರದೆಂದು ಅಲ್ಲಾಹನು ಅಲ್-ಬಕರದಲ್ಲಿ ಹೇಳಿರುವುದು ತಲಾಕ್‌ನ ಸಂದರ್ಭದಲ್ಲೇ. ಆ ಕಪಾಟಿನ ಕಾಗದಗಳನ್ನು ನಮ್ಮ ಹಿರಿಯರಿಬ್ಬರು ಹೋಗಿ ತಂದರು. ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಇನ್ನು ಮುಂದೆ ಈ ಪಟ್ಟಿ ಪೂರ್ತಿಯಾಗದೆ ನಮ್ಮ ಕಚೇರಿಯಲ್ಲಿ ಯಾರೂ ಸಹಿ ಹಾಕಿ ಏಳುವುದಿಲ್ಲ.

ನೊಂದ ಮನೆಗಳಿಗೆ ಅಲ್ಲಾಹನು ನೆಮ್ಮದಿ ಕರುಣಿಸಲಿ. ಆಮೀನ್.